80 ಸರಿ, ‘ಗೋಲು’ ತಪ್ಪು

ಪ್ರಿಯ ಓದುಗರೇ,

ಆಲ್ಬರ್ಟ್ ರೋಸನ್‌ಫೆಲ್ಡ್ ಎಂಬ ರಗ್ಬಿ ಲೀಗ್ ಆಟಗಾರ ಒಂದೇ ಸೀಸನ್ನಿನಲ್ಲಿ ‘80 ಗೋಲು’ ಹೊಡೆದರು ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೆವು. ‘8 ಇರಬೇಕು, ಒಂದು ಸೊನ್ನೆ ಜಾಸ್ತಿ ಬಿದ್ದಿದೆ ಅಲ್ವಾ?’ ಎಂದು ಕೇಳಿದ್ದೀರಿ. ಸೊನ್ನೆ ಸರಿಯಾಗಿಯೇ ಇದೆ. ತಪ್ಪಿರುವುದು ಅದರ ಮುಂದಿನ ಪದ.

ಅವರು ಹೊಡೆದದ್ದು ಗೋಲಲ್ಲ, ಟ್ರೈ. ಚೆಂಡು ಹಿಡಿದು ಓಡಿ, ಎದುರಾಳಿಯ ಗೆರೆ ದಾಟಿ, ಅದನ್ನು ಕೈಯಿಂದ ನೆಲಕ್ಕೆ ಒತ್ತಿದರೆ ಅದು ಟ್ರೈ. ಆಗಿನ ಲೆಕ್ಕದಲ್ಲಿ 3 ಅಂಕ. ಗೋಲು ಎಂದರೆ ಚೆಂಡನ್ನು ಒದ್ದು ಕಂಬಗಳ ನಡುವೆ ದಾಟಿಸುವುದು.

ರೋಸನ್‌ಫೆಲ್ಡ್ ಹುಟ್ಟಿದ್ದು 1885ರಲ್ಲಿ, ಸಿಡ್ನಿಯಲ್ಲಿ. 1908ರಲ್ಲಿ ಆಸ್ಟ್ರೇಲಿಯಾ ತಂಡದ ಮೊದಲ ಪ್ರವಾಸಕ್ಕೆಂದು ಇಂಗ್ಲೆಂಡಿಗೆ ಹೋದರು. ಆಗ ಮೈದಾನದ ನಡುವೆ ಆಡುತ್ತಿದ್ದರು. ಆಮೇಲೆ ಯಾರ್ಕ್‌ಶೈರ್‌ನ ಗಿರಣಿ ಊರು ಹಡರ್ಸ್‌ಫೀಲ್ಡ್‌ನ ಕ್ಲಬ್ ಸೇರಿದರು. ಕ್ಲಬ್ ಅವರನ್ನು ಅಂಚಿಗೆ ಕಳಿಸಿತು, ವಿಂಗರ್ ಮಾಡಿತು.

ವಿಂಗರ್ ನಿಲ್ಲುವುದು ಪಕ್ಕದ ಗೆರೆಯ ಹತ್ತಿರ. ಕೈಯಿಂದ ಚೆಂಡನ್ನು ಮುಂದಕ್ಕೆ ಎಸೆಯುವಂತಿಲ್ಲ, ಪಕ್ಕಕ್ಕೆ ಇಲ್ಲವೇ ಹಿಂದಕ್ಕೆ ಮಾತ್ರ. ಹಾಗಾಗಿ ನಡುವಿನವರು ಓಡುತ್ತಲೇ ಒಬ್ಬರಿಂದೊಬ್ಬರಿಗೆ ಚೆಂಡು ದಾಟಿಸುತ್ತಾರೆ. ಒಬ್ಬೊಬ್ಬರೂ ಒಬ್ಬೊಬ್ಬ ಎದುರಾಳಿಯನ್ನು ತಮ್ಮತ್ತ ಎಳೆದುಕೊಂಡು, ಮೈಮೇಲೆ ಬೀಳುವ ಹೊತ್ತಿಗೆ ಚೆಂಡು ಬಿಡುತ್ತಾರೆ. ಕೊನೆಗೆ ಅದು ಅಂಚಿನವನ ಕೈಗೆ ಬಂದಾಗ ಅವನ ಮುಂದೆ ಒಬ್ಬನೇ ಇರಬಹುದು, ಒಂದಿಷ್ಟು ಜಾಗ ಇರಬಹುದು. ಇನ್ನುಳಿದದ್ದು ಓಟ. ಒಂದು ಹೆಜ್ಜೆ ಆಚೆ ಬಿದ್ದರೂ ಚೆಂಡು ಹೊರಗೆ.

ಆದ್ದರಿಂದ ಈ 80ರಲ್ಲಿ ನನಗೆ ಕಾಣುವುದು ಒಬ್ಬರ ಕಾಲಷ್ಟೇ ಅಲ್ಲ, ಚೆಂಡು ದಾಟಿಸಿದ ಕೈಗಳೂ ಕಾಣುತ್ತವೆ. ನಾಯಕ ಹೆರಾಲ್ಡ್ ವ್ಯಾಗ್‌ಸ್ಟಾಫ್ ಅವರ ಆ ತಂಡ 1914–15ರಲ್ಲಿ ಎದುರಿಗಿದ್ದ ನಾಲ್ಕೂ ಟ್ರೋಫಿ ಗೆದ್ದಿತು. ಚಾಲೆಂಜ್ ಕಪ್ ಫೈನಲ್‌ನಲ್ಲಿ ಸೇಂಟ್ ಹೆಲೆನ್ಸ್ ತಂಡವನ್ನು ಸೋಲಿಸಿದ್ದು 37–3ರಿಂದ.

80 ಬಂದದ್ದು ಸುಮ್ನೆ ಒಂದು ವರ್ಷದ ಅದೃಷ್ಟದಿಂದಲೂ ಅಲ್ಲ. 1911–12ರಲ್ಲಿ 78, ಮರುವರ್ಷ 56, 1913–14ರಲ್ಲಿ 80, ಆಮೇಲೆ ಮತ್ತೆ 56. ಯಾರಿಗಾದರೂ ಕಣ್ಣು ಅರಳಲೇಬೇಕು! ಅಷ್ಟರಲ್ಲಿ ಮಹಾಯುದ್ಧ. ಲೀಗ್ ನಿಂತಿತು. ರೋಸನ್‌ಫೆಲ್ಡ್ ಸೇನೆ ಸೇರಿ ಮೆಸಪಟೋಮಿಯಾಕ್ಕೆ ಹೋದರು. ಮರಳಿ ಬಂದಾಗ ವಯಸ್ಸು ಮೂವತ್ತು ದಾಟಿತ್ತು. ಓಟಗಾರನಿಗೆ ಆ ವರ್ಷಗಳು ಎಷ್ಟು ಬೆಲೆಯವು ಎಂದು ನೆನೆದರೆ ಇಂದಿಗೂ ಸಂಕಟವಾಗುತ್ತದೆ. ಆದರೂ ವೇಕ್‌ಫೀಲ್ಡ್, ಬ್ರಾಡ್‌ಫರ್ಡ್ ತಂಡಗಳಿಗೂ ಆಡಿದರು. 1970ರಲ್ಲಿ ಹಡರ್ಸ್‌ಫೀಲ್ಡ್‌ನಲ್ಲೇ ತೀರಿಕೊಂಡರು.

ಬ್ರಯಾನ್ ಬೆವನ್ ಎಂಬ ಇನ್ನೊಬ್ಬ ಮಹಾ ವಿಂಗರ್ 1952–53ರಲ್ಲಿ 72ರವರೆಗೆ ಬಂದರು. 80 ಮಾತ್ರ ಇನ್ನೂ ಹಾಗೇ ಇದೆ.

ನಮ್ಮ ‘ಗೋಲು’ ನಿಮ್ಮನ್ನು ದಾರಿ ತಪ್ಪಿಸಿತು, ಕ್ಷಮಿಸಿ. ಆ ಸಾಲನ್ನು ದಯವಿಟ್ಟು ‘80 ಟ್ರೈ’ ಎಂದು ತಿದ್ದಿಕೊಂಡು ಓದಿ.

– ಸಂಪಾದಕ