ಓದುಗರ ಪ್ರಶ್ನೆ: ರೋಗ ಬಂದ ತಾರೀಖು ರಿಪೋರ್ಟಿನಲ್ಲಿ ಇರುವುದಿಲ್ಲ

ಪ್ರಶ್ನೆ: ಮೇಡಂ, ನನಗೆ 28 ವರ್ಷ. ಮದುವೆಯಾಗಿ ಹತ್ತು ತಿಂಗಳು. ಮಗು ಮಾಡಿಕೊಳ್ಳುವ ಮುಂಚೆ ಒಮ್ಮೆ ಪೂರ್ತಿ ತಪಾಸಣೆ ಮಾಡಿಸೋಣ ಅಂತ ಹೋದೆ. ಕ್ಲಮೈಡಿಯಾ ಪಾಸಿಟಿವ್ ಬಂತು. ನನಗೆ ನೋವಿಲ್ಲ, ಉರಿಯಿಲ್ಲ, ಬಿಳಿಸೆರಗಿಲ್ಲ. ಗಂಡನಿಗೂ ಏನೂ ತೊಂದರೆ ಇಲ್ಲ. ಈಗ ಇಬ್ಬರೂ ಮುಖ ಕೊಟ್ಟು ಮಾತಾಡುತ್ತಿಲ್ಲ. ಇದು ಯಾರಿಂದ ಬಂತು? ಮಾತ್ರೆ ನಾನೊಬ್ಬಳೇ ತಗೊಂಡರೆ ಸಾಕಾ? (ಹೆಸರು ಬೇಡ)

ಉತ್ತರ: ಮೊದಲು ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರ ಹೇಳಿಬಿಡುತ್ತೇನೆ, ಅದು ಅವಸರದ್ದು. ಸಾಲದು. ಕ್ಲಮೈಡಿಯಾ ಲೈಂಗಿಕ ಸಂಪರ್ಕದಿಂದ ಹರಡುವ ಸೋಂಕು, ಇಬ್ಬರೂ ಒಂದೇ ಸಮಯಕ್ಕೆ ಚಿಕಿತ್ಸೆ ತಗೊಳ್ಳಬೇಕು. ಸಾಮಾನ್ಯವಾಗಿ ಡಾಕ್ಸಿಸೈಕ್ಲಿನ್ 100 ಮಿಲಿಗ್ರಾಂ, ದಿನಕ್ಕೆ ಎರಡು ಸಲ, 7 ದಿನ ಕೊಡುತ್ತಾರೆ. ಬಸಿರಾಗಿರುವ ಸಾಧ್ಯತೆ ಇದ್ದರೆ ಅದನ್ನು ಮೊದಲೇ ಡಾಕ್ಟರಿಗೆ ಹೇಳಿ. ಆಗ ಡಾಕ್ಸಿಸೈಕ್ಲಿನ್ ಬೇಡ, ಅಜಿತ್ರೋಮೈಸಿನ್ ಕೊಡುತ್ತಾರೆ. ಇಬ್ಬರ ಕೋರ್ಸೂ ಮುಗಿಯುವವರೆಗೆ ಕೂಡಬೇಡಿ. ಒಬ್ಬರೇ ಮಾತ್ರೆ ನುಂಗಿದರೆ ಇನ್ನೊಬ್ಬರಿಂದ ರೋಗ ಮತ್ತೆ ವಾಪಸು ಬರುತ್ತದೆ. ಮೂರು ತಿಂಗಳಾದ ಮೇಲೆ ಇನ್ನೊಮ್ಮೆ ಪರೀಕ್ಷೆ ಮಾಡಿಸಿ. ಮುಂದಿನ ವಾರವೇ ಓಡಬೇಡಿ. ಸತ್ತ ರೋಗಾಣುವಿನ ಚೂರುಗಳು ಕೆಲವು ವಾರ ಉಳಿದಿರುತ್ತವೆ, ಸುಮ್ನೆ ಪಾಸಿಟಿವ್ ಬಂದು ಹೆದರಿಸುತ್ತದೆ.

ಈಗ "ಯಾರಿಂದ" ಎನ್ನುವ ಮಾತು. ನಾನು ಲ್ಯಾಬಿಗೆ ಸೇರಿದ ಹೊಸದರಲ್ಲಿ ಒಂದು ಜೋಡಿಗೆ ಇಂಥದೇ ರಿಪೋರ್ಟ್ ಕೈಗೆ ಕೊಟ್ಟು ಒಳಗೆ ಬಂದುಬಿಟ್ಟೆ. ಬಾಗಿಲಾಚೆ ಜಗಳ ಶುರುವಾಯಿತು. ಆ ಹೆಂಗಸು ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಮುಷ್ಟಿಯಲ್ಲಿ ಹಿಡಿದು ಒಬ್ಬಳೇ ಮೆಟ್ಟಿಲಿಳಿದು ಹೋದಳು. ಒಂದು ಮಾತು ನಾನು ಅವತ್ತೇ ಹೇಳಬೇಕಿತ್ತು. ನಿಮಗೆ ಹೇಳುತ್ತಿದ್ದೇನೆ: ರೋಗಾಣು ಇದೆ ಅಂತ ಮಾತ್ರ ಪರೀಕ್ಷೆ ಹೇಳುತ್ತದೆ. ಯಾವಾಗ ಬಂತು, ಯಾರಿಂದ ಬಂತು ಅಂತ ಹೇಳುವುದಿಲ್ಲ. ಹೆಂಗಸರಲ್ಲಿ ಹೆಚ್ಚಿನವರಿಗೆ, ಗಂಡಸರಲ್ಲೂ ಸುಮಾರು ಅರ್ಧದಷ್ಟು ಜನಕ್ಕೆ ಯಾವ ಲಕ್ಷಣವೂ ಇರುವುದಿಲ್ಲ. ಚಿಕಿತ್ಸೆ ಆಗದಿದ್ದರೆ ಕೆಲವರಲ್ಲಿ ಇದು ಒಂದು ವರ್ಷಕ್ಕೂ ಮೀರಿ ಸದ್ದಿಲ್ಲದೆ ಕೂತಿರುತ್ತದೆ. ಅಂದರೆ ನಿಮ್ಮ ಮದುವೆಗಿಂತ ಹಳೆಯದೂ ಆಗಿರಬಹುದು. ನಿಮ್ಮಿಬ್ಬರಲ್ಲಿ ಯಾರ ಹಿಂದಿನ ಬದುಕಿನದೂ ಆಗಿರಬಹುದು. ಈ ಹಾಳೆ ಹಿಡಿದು ಯಾರನ್ನೂ ಕಟಕಟೆಯಲ್ಲಿ ನಿಲ್ಲಿಸಬೇಡಿ.

ಪಾಸಿಟಿವ್ ಬಂದರೆ ಮಗು ಆಗಲ್ಲ ಅಂತಲೂ ಅಲ್ಲ. ಸೋಂಕು ಗರ್ಭಕೊರಳಲ್ಲೇ ಇದ್ದು ವಾಸಿಯಾದವರು ಎಷ್ಟೋ ಜನ. ಮೇಲೇರಿ ಗರ್ಭನಾಳಕ್ಕೆ ಹೋದರೆ ಅಪಾಯ. ನಾಳದ ಒಳಗೋಡೆಯಲ್ಲಿ ತೀರಾ ಸಣ್ಣ ರೋಮಗಳಿವೆ. ಅಂಡವನ್ನು ಮೆಲ್ಲಗೆ ಮುಂದೆ ದಾಟಿಸುವುದು ಅವೇ. ಉರಿಯೂತದಿಂದ ಅವು ಹಾಳಾಗಿ, ಗಾಯ ಮಾಗಿದ ಕಡೆ ಕಲೆ ಕಟ್ಟಿದರೆ ದಾರಿ ಮುಚ್ಚಬಹುದು. ಅರ್ಧ ಮುಚ್ಚಿದರೆ ಗರ್ಭ ನಾಳದಲ್ಲೇ ನಿಲ್ಲಬಹುದು. ಮುಂದೆ ಯಾವಾಗಲಾದರೂ ಮುಟ್ಟು ತಪ್ಪಿ, ಕಿಬ್ಬೊಟ್ಟೆಯ ಒಂದು ಬದಿಗೆ ಜೋರು ನೋವು, ತಲೆಸುತ್ತು ಬಂದರೆ ಅವತ್ತೇ ಆಸ್ಪತ್ರೆಗೆ ಹೋಗಿ. ನಾಳೆ ನೋಡೋಣ ಅನ್ನಬೇಡಿ. ಈಗಲೇ ಗೊತ್ತಾಗಿದ್ದು ಒಳ್ಳೆಯದೇ ಆಯಿತು, ನಿಜವಾಗಿ ಹೇಳುತ್ತಿದ್ದೇನೆ.

ಪ್ರಶ್ನೆ: ಬೇರೆಯವರು ಕೂತ ಕಮೋಡ್, ಈಜುಕೊಳದಿಂದ ಕ್ಲಮೈಡಿಯಾ ಬರುತ್ತಾ?

ಉತ್ತರ: ಇಲ್ಲ. ಲೈಂಗಿಕ ಸಂಪರ್ಕದಿಂದ ಬರುತ್ತದೆ, ಹೆರಿಗೆಯಲ್ಲಿ ತಾಯಿಯಿಂದ ಮಗುವಿಗೆ ಬರುತ್ತದೆ. ಕಾಂಡೋಮ್ ಸರಿಯಾಗಿ ಬಳಸಿದರೆ ಅಪಾಯ ತುಂಬಾ ಕಡಿಮೆಯಾಗುತ್ತದೆ.

ಪ್ರಶ್ನೆ: ನಾನು ನರ್ಸಿಂಗ್ ಓದುತ್ತಿದ್ದೇನೆ. ಕ್ಲಮೈಡಿಯಾ ಬ್ಯಾಕ್ಟೀರಿಯಾ ಅಂತಾರೆ, ಆದರೆ ವೈರಸ್ ಥರ ಜೀವಕೋಶದೊಳಗೇ ಬೆಳೆಯುತ್ತೆ ಅಂತಾರೆ. ಯಾವುದು ಸರಿ?

ಉತ್ತರ: ಎರಡೂ ಸರಿ ಕಣಮ್ಮಾ. ನಿಮ್ಮ ಗೊಂದಲ ವಿಜ್ಞಾನಿಗಳಿಗೂ ಅರ್ಧ ಶತಮಾನ ಇತ್ತು. 1907ರಲ್ಲಿ ಜಾವಾದಲ್ಲಿ ಹಾಲ್ಬರ್‌ಸ್ಟೇಟರ್ ಮತ್ತು ಪ್ರೊವಾಜೆಕ್ ಎಂಬ ವಿಜ್ಞಾನಿಗಳು, ಇದೇ ಕುಲದ ರೋಗಾಣು ತರುವ ಟ್ರಕೋಮಾ ಎಂಬ ಕಣ್ಣಿನ ರೋಗವನ್ನು ಒರಾಂಗುಟಾನ್‌ಗಳಿಗೆ ತಗುಲಿಸಿ, ಕಣ್ಣಿನ ಒಳಪೊರೆ ಕೆರೆದು ನೋಡಿದರು. ಜೀವಕೋಶಗಳ ಒಳಗೆ, ಮುಸುಕಿನೊಳಗೆ ಸೇರಿಕೊಂಡ ಹಾಗೆ, ಸಣ್ಣ ಕಣಗಳ ಗುಂಪು ಕಂಡಿತು. ಗ್ರೀಕಿನಲ್ಲಿ ಕ್ಲಮಿಸ್ ಎಂದರೆ ಹೊದೆಯುವ ಮೇಲಂಗಿ. ಹೆಸರು ಅದರಿಂದಲೇ ಬಂತು. 1950ರ ದಶಕದಲ್ಲಿ ಬೀಜಿಂಗ್‌ನಲ್ಲಿ ಟಾಂಗ್ ಫೀಫಾನ್ ಎಂಬ ವಿಜ್ಞಾನಿ ಇದನ್ನು ಕೋಳಿಮೊಟ್ಟೆಯ ಭ್ರೂಣದಲ್ಲಿ ಬೆಳೆಸಿ ತೋರಿಸಿದರು. ಆಗಲೂ ವೈರಸ್ ಅಂತಲೇ ಕರೆಯುತ್ತಿದ್ದರು. ಆದರೆ ಇದಕ್ಕೆ ತನ್ನದೇ ಡಿಎನ್‌ಎ, ಆರ್‌ಎನ್‌ಎ, ರೈಬೋಸೋಮ್ ಇವೆ. ಎರಡಾಗಿ ಸೀಳಿ ಬೆಳೆಯುತ್ತದೆ, ಆಂಟಿಬಯಾಟಿಕ್‌ಗೆ ಬಗ್ಗುತ್ತದೆ. ಹಾಗಾಗಿ ಬ್ಯಾಕ್ಟೀರಿಯಾವೇ. ಜೀನ್‌ಗಳು ಮಾತ್ರ ಸುಮಾರು 900. ನಮ್ಮ ಕರುಳಿನ ಇ.ಕೋಲೈಗೆ 4,000ಕ್ಕೂ ಜಾಸ್ತಿ ಇವೆ. ತನಗೆ ಬೇಕಾದ ಎಷ್ಟನ್ನೋ ತಾನು ಮಾಡಿಕೊಳ್ಳಲಾರದು, ಜೀವಕೋಶದಿಂದಲೇ ತೆಗೆದುಕೊಳ್ಳಬೇಕು.

ಇದಕ್ಕೆ ಎರಡು ರೂಪ. ಹೊರಗೆ ಓಡಾಡುವುದು ಗಟ್ಟಿ ಹೊದಿಕೆಯ ಕಣ, ಅಗಲ ಸುಮಾರು 0.3 ಮೈಕ್ರಾನ್. ಒಂದು ಮಿಲಿಮೀಟರಿನಲ್ಲಿ ಮೂರು ಸಾವಿರ ಸಾಲಾಗಿ ಕೂರುತ್ತವೆ. ಅದು ಬೆಳೆಯುವುದಿಲ್ಲ, ಅಂಟಿಕೊಂಡು ಒಳನುಗ್ಗುತ್ತದೆ ಅಷ್ಟೇ. ಒಳಗೆ ಹೋದ ಮೇಲೆ ಒಂದು ಗುಳ್ಳೆಯೊಳಗೆ ಸೇರಿ, ಉಬ್ಬಿ, ಸಡಿಲವಾಗಿ, ಒಂದು ಎರಡಾಗಿ ಎರಡು ನಾಲ್ಕಾಗಿ ಹೆಚ್ಚುತ್ತದೆ. ಆ ಗುಳ್ಳೆಯನ್ನು ಜೀವಕೋಶ ಅರಗಿಸಿ ಹಾಕದಂತೆ ರೋಗಾಣುವೇ ತಡೆಯುತ್ತದೆ. ಎರಡು ಮೂರು ದಿನಕ್ಕೆ ಮತ್ತೆ ಗಟ್ಟಿ ಕಣಗಳಾಗಿ ನೂರಾರು ಹೊರಬರುತ್ತವೆ.

ಡಿಎನ್‌ಎ ಹಿಡಿಯುವ ಪರೀಕ್ಷೆಗಳು ಬರುವ ಮುಂಚೆ ನಾವು ಇದನ್ನು ಗಾಜಿನ ಸೀಸೆಯಲ್ಲಿ ಸಾಕಿದ ಜೀವಕೋಶಗಳ ಮೇಲೆ ಬೆಳೆಸುತ್ತಿದ್ದೆವು. ಎರಡು ದಿನ ಬಿಟ್ಟು ಅಯೋಡಿನ್ ಹಾಕಿ ನೋಡಬೇಕು. ನಸು ಹಳದಿ ಜೀವಕೋಶಗಳ ನಡುವೆ ಅಲ್ಲೊಂದು ಇಲ್ಲೊಂದು ಕಂದು ಗುಳ್ಳೆ, ಕೋಶಕೇಂದ್ರವನ್ನೇ ಒಂದು ಮೂಲೆಗೆ ಒತ್ತರಿಸಿ ಕೂತಿರುತ್ತಿತ್ತು. ಗುಳ್ಳೆಯಲ್ಲಿ ಪಿಷ್ಟದಂಥ ಗ್ಲೈಕೋಜನ್ ಇರುವುದರಿಂದ ಆ ಬಣ್ಣ. ಸೋಂಕು ತಗುಲಿದವರಿಗೆ ಯಾಕೆ ಗೊತ್ತಾಗುವುದಿಲ್ಲ ಅನ್ನುವುದು ನನಗೆ ಮನದಟ್ಟಾದದ್ದು ಆಗ. ಅಷ್ಟು ದೊಡ್ಡ ಗುಳ್ಳೆ ಹೊತ್ತ ಜೀವಕೋಶ ಇನ್ನೂ ಬದುಕಿಯೇ ಇರುತ್ತಿತ್ತು.

ಪ್ರಶ್ನೆ: ನನ್ನ ಮಗುವಿಗೆ ಒಂಬತ್ತು ದಿನ. ಎರಡೂ ಕಣ್ಣಲ್ಲಿ ಗೀಜು, ರೆಪ್ಪೆ ಊದಿದೆ. ಡಾಕ್ಟರು ಕ್ಲಮೈಡಿಯಾ ಇರಬಹುದು ಅಂದರು. ಕಣ್ಣಿಗೆ ಡ್ರಾಪ್ಸ್ ಹಾಕಿದರೆ ಸಾಲದಾ? ಕುರುಡು ತರುವ ಟ್ರಕೋಮಾ ಇದೇನಾ?

ಉತ್ತರ: ಕುಲ ಒಂದೇ, ತಳಿ ಬೇರೆ. ಟ್ರಕೋಮಾ ಬರುವುದು ಕೈ, ಟವೆಲ್, ನೊಣಗಳ ಮೂಲಕ. ಚಿಕ್ಕಂದಿನಿಂದ ಮತ್ತೆ ಮತ್ತೆ ಬಂದು, ರೆಪ್ಪೆಯ ಒಳಗೆ ಕಲೆ ಕಟ್ಟಿ, ರೆಪ್ಪೆ ಒಳಕ್ಕೆ ಮಡಚಿ, ಕೂದಲು ಕಣ್ಣುಗುಡ್ಡೆಯನ್ನು ವರ್ಷಗಟ್ಟಲೆ ತೀಡಿದರೆ ದೃಷ್ಟಿ ಹೋಗುತ್ತದೆ. ನಿಮ್ಮ ಮಗುವಿನದು ಹೆರಿಗೆಯ ದಾರಿಯಲ್ಲಿ ತಗುಲಿದ್ದು. ಸಾಮಾನ್ಯವಾಗಿ 5ರಿಂದ 12 ದಿನದೊಳಗೆ ಕಾಣಿಸುತ್ತದೆ, ಚಿಕಿತ್ಸೆಯಿಂದ ಗುಣವಾಗುತ್ತದೆ.

ಡ್ರಾಪ್ಸ್ ಒಂದೇ ಸಾಲದು. ರೋಗಾಣು ಮೂಗು ಗಂಟಲಲ್ಲೂ ಇರುತ್ತದೆ, ಒಂದರಿಂದ ಮೂರು ತಿಂಗಳ ಹೊತ್ತಿಗೆ ನ್ಯುಮೋನಿಯಾ ಆಗಬಹುದು. ಜ್ವರವಿಲ್ಲದೆ, ಬಿಟ್ಟು ಬಿಟ್ಟು ಒಣಕೆಮ್ಮು. ಅದಕ್ಕೇ ಬಾಯಿಂದ ಔಷಧಿ ಕೊಡುತ್ತಾರೆ, ಹೆಚ್ಚಾಗಿ ಎರಿತ್ರೋಮೈಸಿನ್, 14 ದಿನ. ಒಂದು ಹೊತ್ತೂ ತಪ್ಪಿಸಬೇಡಿ. ಔಷಧಿ ಶುರುವಾದ ಮೇಲೆ ಕುಡಿದ ಹಾಲೆಲ್ಲ ರಭಸದಿಂದ ಚಿಮ್ಮಿ ವಾಂತಿಯಾದರೆ ತಕ್ಷಣ ಡಾಕ್ಟರಿಗೆ ತಿಳಿಸಿ. ಹಾಲೂಡಿಸುವುದನ್ನು ನಿಲ್ಲಿಸಬೇಡಿ. ಕಣ್ಣು ಒರೆಸಲು ಕಾಯಿಸಿ ಆರಿಸಿದ ನೀರು, ಒಂದೊಂದು ಕಣ್ಣಿಗೆ ಬೇರೆ ಬೇರೆ ಹತ್ತಿ. ನೀವೂ ನಿಮ್ಮ ಗಂಡನೂ ಇದೇ ವಾರ ಪರೀಕ್ಷೆ ಮಾಡಿಸಿ ಔಷಧಿ ತಗೊಳ್ಳಿ. ಮಗುವಿಗೆ ಹಾಲು ಕುಡಿಸುತ್ತಿದ್ದೀರಿ ಅನ್ನುವುದನ್ನು ಡಾಕ್ಟರಿಗೆ ನೆನಪಿಸಿ.