ಬೋರಿಸ್ ಗೊಡುನೋವ್ ಒಪೆರಾದಲ್ಲಿ ಇಷ್ಟೊಂದು ಪಾತ್ರ, ಇದ್ರಲ್ಲಿ ಹೀರೋ ಯಾರು?

ಪಾತ್ರಗಳ ಪಟ್ಟಿ ನೋಡಿ ನೀವು ಗಾಬರಿಯಾಗಿದ್ದು ಸರಿನೇ. ಹೆಸರೇನೋ ರಷ್ಯಾದ ದೊರೆ ಬೋರಿಸ್‌ದು, ಆದ್ರೆ ಇದನ್ನ ರಚಿಸಿದ ಸಂಗೀತಗಾರ ಮುಸೋರ್ಗ್‌ಸ್ಕಿ 1872ರಲ್ಲಿ ತಿದ್ದಿ ಮುಗಿಸಿದ ಆವೃತ್ತಿಲಿ ಒಟ್ಟು 9 ದೃಶ್ಯ, ಅದ್ರಲ್ಲಿ ಬೋರಿಸ್ ಬರೋದು ಬರೀ ಮೂರರಲ್ಲಿ, ಪಟ್ಟಾಭಿಷೇಕ, ಅರಮನೆ, ಸಾವು ಅಷ್ಟೇ. ನನ್ನ ಕೇಳಿದ್ರೆ ಹೀರೋ ಅಂದ್ರೆ ಕೋರಸ್ಸೇ, ಆ ಜನಗಳ ಗುಂಪು.

ಮೊದಲನೇ ದೃಶ್ಯನೇ ನೋಡಿ, ಮಾಸ್ಕೋದ ನೊವೊದೆವಿಚಿ ಮಠದ ಹೊರಗೆ ಜನ ಸೇರಿದ್ದಾರೆ, ನಿಕಿತಿಚ್ ಅನ್ನೋ ಅಧಿಕಾರಿ ದೊಣ್ಣೆ ಹಿಡ್ಕೊಂಡು ‘ಬೋರಿಸ್ ಪಟ್ಟಕ್ಕೆ ಬರ್ಲಿ ಅಂತ ಗೋಗರೀರಿ’ ಅಂತ ಗದರಿಸ್ತಾನೆ, ಎಲ್ರೂ ಬಾಯಿ ಬಡ್ಕೊಳ್ತಾರೆ, ನಡುವೆ ಯಾರೋ ಗುಂಪಲ್ಲಿರೋ ಮಿತ್ಯೂಖಾ ಅನ್ನೋನನ್ನ ‘ಏನಕ್ಕೋ ಕಿರುಚ್ತಿದೀವಿ’ ಅಂತ ಕೇಳಿದ್ರೆ ಅವ್ನು ‘ನಂಗೇನ್ ಗೊತ್ತು’ ಅಂತಾನೆ! ಇಡೀ ಒಪೆರಾದ ರಾಜಕೀಯ ಆ ಎರಡು ಸಾಲಲ್ಲೇ ಇದೆ.

ಕಥೆ ಹೀಗೆ: 1591ರಲ್ಲಿ ಉಗ್ಲಿಚ್‌ನಲ್ಲಿ ರಾಜಕುಮಾರ ದಿಮಿತ್ರಿ ಸತ್ತ, ಒಪೆರಾಗೆ ಆಧಾರವಾದ ಪುಷ್ಕಿನ್ ನಾಟಕದ ಪ್ರಕಾರ ಕೊಲ್ಲಿಸಿದ್ದು ಬೋರಿಸ್ (ಇತಿಹಾಸದಲ್ಲಿ ಅದು ಸಾಬೀತಾಗಿಲ್ಲ ಬಿಡಿ). ಮುದುಕ ಸನ್ಯಾಸಿ ಪಿಮೆನ್ ಇದನ್ನೆಲ್ಲ ಬರೆದಿಡ್ತಾ ಇರ್ತಾನೆ, ಅವನ ಬಾಯಿಂದ ಕೇಳಿದ ಹುಡುಗ ಗ್ರಿಗರಿ ಮಠ ಬಿಟ್ಟು ಓಡಿ ‘ನಾನೇ ದಿಮಿತ್ರಿ’ ಅಂತ ಶುರು ಹಚ್ಕೊಳ್ತಾನೆ. ಕೇಳೋವಾಗ ಕನ್‌ಫ್ಯೂಸ್ ಆಗೋದು ಯಾಕಂದ್ರೆ ಬೋರಿಸ್, ಪಿಮೆನ್, ಕುಡುಕ ಸನ್ಯಾಸಿ ವರ್ಲಾಮ್, ಜೆಸ್ಯೂಟ್ ಪಾದ್ರಿ ರಂಗೋನಿ, ಎಲ್ರದ್ದೂ ತಗ್ಗಿನ ಬೇಸ್ ದನಿ. ಗ್ರಿಗರಿ ಮತ್ತೆ ಆಸ್ಥಾನದ ಕುತಂತ್ರಿ ಶುಯ್‌ಸ್ಕಿ ಇಬ್ರೂ ಟೆನರ್, ಅಂದ್ರೆ ಗಂಡಸರ ಎತ್ತರದ ದನಿ. ಬೋರಿಸ್ ಮಗ ಫ್ಯೋದೊರ್ ಪಾತ್ರನ ಹಾಡೋದು ಸಾಮಾನ್ಯವಾಗಿ ಹೆಂಗಸರು.

ಗ್ರಿಗರಿ ಮನಸೋಲೋ ಪೋಲೆಂಡಿನ ಶ್ರೀಮಂತ ಮನೆತನದ ಮರೀನಾ ಆಮೇಲೆ ಸೇರಿದವಳು. 1869ರ ಮೊದಲ ಆವೃತ್ತಿಲಿ ದೊಡ್ಡ ಹೆಣ್ಣು ಪಾತ್ರನೇ ಇರ್ಲಿಲ್ಲ, ಸರ್ಕಾರಿ ಥಿಯೇಟರ್‌ನೋರು ಅದನ್ನ ವಾಪಸ್ ಕಳ್ಸಿದ್ರು, ಅದಕ್ಕೇ ಇವಳ ಅಂಕ ಹುಟ್ಟಿದ್ದು, 1874ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನ ಮಾರಿನ್‌ಸ್ಕಿಲಿ ಸ್ಟೇಜಿಗೂ ಬಂತು. ನಂಗೆ ಆ ಅಂಕ ಸ್ವಲ್ಪ ಎಳೆದ ಹಾಗನ್ಸುತ್ತೆ.

ಕೊನೇ ದೃಶ್ಯ ಕ್ರೋಮಿ ಊರಿನ ಹತ್ರದ ಕಾಡು, ಅಲ್ಲಿ ಜನ ಈಗ ನಕಲಿ ದಿಮಿತ್ರಿಗೆ, ಅಂದ್ರೆ ಗ್ರಿಗರಿಗೆ, ಜೈಕಾರ ಹಾಕ್ಕೊಂಡು ಅವನ ಹಿಂದೆ ಹೊರಡ್ತಾರೆ. ಆದ್ರೆ ಯಾವ ರೆಕಾರ್ಡಿಂಗ್ ಹಾಕ್ತೀರಿ ಅಂತ ನೋಡ್ಕೊಳ್ಳಿ. ಮುಸೋರ್ಗ್‌ಸ್ಕಿಯ ಗೆಳೆಯ, ಸಂಗೀತಗಾರ ರಿಮ್‌ಸ್ಕಿ-ಕೊರ್ಸಕೋವ್ ತಿದ್ದಿದ ಆವೃತ್ತಿಲಿ ಕೊನೆಯ ಎರಡು ದೃಶ್ಯ ಅದಲು ಬದಲಾಗಿ ಬೋರಿಸ್ ಸಾವಿಗೇ ಪರದೆ ಬೀಳುತ್ತೆ, ಅದನ್ನ ನೋಡಿದ್ರೆ ನಿಮಗೆ ಹೀರೋ ಬೋರಿಸ್ಸೇ ಅನ್ಸುತ್ತೆ, ಆಗ ನನ್ನ ವಾದ ನಿಲ್ಲಲ್ಲ.