ಸಂಪಾದಕರ ಉತ್ತರ: ಎಕರೆಗೆ 15 ಮನೆ ಎಂದರೆ ಎಷ್ಟು?

ಬಾಸ್ಟನ್ ಹೊರವಲಯದ ಊರೊಂದರಿಂದ ಓದುಗರೊಬ್ಬರು ಹೀಗೆ ಬರೆದಿದ್ದಾರೆ: “ನಮ್ಮೂರಿನ ಟೌನ್ ಮೀಟಿಂಗ್‌ನಲ್ಲಿ (ಊರಿನ ನಿಯಮಗಳಿಗೆ ಮತ ಹಾಕುವ ಸಭೆ) ಒಮ್ಮೆ ಬಿದ್ದುಹೋದ ಅಪಾರ್ಟ್‌ಮೆಂಟ್ ವಲಯದ ಪ್ರಸ್ತಾವ ಮತ್ತೆ ಮತಕ್ಕೆ ಬರುತ್ತಿದೆ. ನಮ್ಮ ಊರಿನ ನೆಲದ ಮೇಲೆ ರಾಜ್ಯದ ದರ್ಬಾರು ಯಾಕೆ ಎಂದು ಅಕ್ಕಪಕ್ಕದವರು ಕೇಳುತ್ತಾರೆ. ಇದು ಬಂದರೆ ಬಾಡಿಗೆ ಇಳಿಯುತ್ತದೆ ಎನ್ನುವವರೂ ಇದ್ದಾರೆ. ಯಾರ ಮಾತು ನಂಬಲಿ?”

ಪ್ರಿಯ ಓದುಗರೇ,

ಎರಡು ಕಡೆಯವರ ಮಾತನ್ನೂ ಪೂರ್ತಿ ನಂಬಬೇಡಿ. ಪ್ರಸ್ತಾವದ ಪಠ್ಯ ತರಿಸಿ ಓದಿ. ಮನೆ ಏಳುತ್ತದೋ ಇಲ್ಲವೋ ಎಂಬುದು ಅದರ ನಾಲ್ಕೈದು ಸಾಲುಗಳಲ್ಲಿ ತೀರ್ಮಾನವಾಗಿರುತ್ತದೆ.

ಮೊದಲು ಕಾನೂನಿನ ವಿಚಾರ. 2021ರ ಜನವರಿಯಲ್ಲಿ ಗವರ್ನರ್ ಚಾರ್ಲಿ ಬೇಕರ್ ಸಹಿ ಹಾಕಿದ ಮಸೂದೆಯೊಂದು ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಎಲ್ಲಿ ಏನು ಕಟ್ಟಬಹುದು ಎಂಬುದನ್ನು ನಿಯಂತ್ರಿಸುವ ವಲಯ ಕಾಯ್ದೆಗೆ, ಅಂದರೆ 40ಎ ಅಧ್ಯಾಯಕ್ಕೆ, 3ಎ ಎಂಬ ಕಲಮನ್ನು ಸೇರಿಸಿತು. ಬಾಸ್ಟನ್ ಪ್ರದೇಶದ ಸಾರಿಗೆ ಸಂಸ್ಥೆ ಎಂಬಿಟಿಎಯ ರೈಲು-ಬಸ್ಸುಗಳ ಸೇವೆಯ ವ್ಯಾಪ್ತಿಯಲ್ಲಿರುವ ಮತ್ತು ಅದಕ್ಕೆ ತಾಗಿಕೊಂಡ 177 ಊರುಗಳಿಗೆ ಅದು ಅನ್ವಯಿಸುತ್ತದೆ. ಪ್ರತಿ ಊರಿನಲ್ಲೂ ಒಂದು ವಲಯವಾದರೂ ಇರಬೇಕು, ಅಲ್ಲಿ ಮೂರು ಅಥವಾ ಹೆಚ್ಚು ಮನೆಗಳ ಕಟ್ಟಡಕ್ಕೆ ಹಕ್ಕಿನ ಮೇಲೆ ಅನುಮತಿ ಸಿಗಬೇಕು. ನಿಯಮ ಪಾಲಿಸಿದವರಿಗೆ ಊರಿನ ಮಂಡಳಿ ಇಲ್ಲ ಎನ್ನುವಂತಿಲ್ಲ ಎಂದು ಇದರ ಅರ್ಥ. ನಕ್ಷೆಯ ಪರಿಶೀಲನೆ ಮಾಡಬಹುದು, ಆದರೆ ಸ್ಪೆಷಲ್ ಪರ್ಮಿಟ್, ಅಂದರೆ ಕೊಡುವುದು ಬಿಡುವುದು ಮಂಡಳಿಯ ವಿವೇಚನೆಗೆ ಬಿಟ್ಟ ಅನುಮತಿ, ಕೇಳುವಂತಿಲ್ಲ. ಊರುಗಳು ಇಷ್ಟು ವರ್ಷ ಅಪಾರ್ಟ್‌ಮೆಂಟ್‌ಗಳನ್ನು ತಡೆದು ನಿಲ್ಲಿಸಿದ್ದು ಬಹುಪಾಲು ಆ ಸ್ಪೆಷಲ್ ಪರ್ಮಿಟ್‌ನಿಂದಲೇ.

ದರ್ಬಾರಿನ ಪ್ರಶ್ನೆಗೆ ನ್ಯಾಯಾಲಯ ಉತ್ತರ ಕೊಟ್ಟಾಗಿದೆ. ಮಿಲ್ಟನ್ ಊರಿನ ಟೌನ್ ಮೀಟಿಂಗ್ ಒಪ್ಪಿದ್ದ ವಲಯವನ್ನು 2024ರ ಫೆಬ್ರವರಿಯ ಜನಮತದಲ್ಲಿ ಮತದಾರರು ತಳ್ಳಿಹಾಕಿದರು. ರಾಜ್ಯದ ಮುಖ್ಯ ಕಾನೂನು ಅಧಿಕಾರಿಯಾದ ಅಟಾರ್ನಿ ಜನರಲ್ ಆಂಡ್ರಿಯಾ ಕ್ಯಾಂಪ್‌ಬೆಲ್ ಊರಿನ ಮೇಲೆ ದಾವೆ ಹೂಡಿದರು. 2025ರ ಜನವರಿ 8ರಂದು ರಾಜ್ಯದ ಸುಪ್ರೀಂ ಜುಡಿಷಿಯಲ್ ಕೋರ್ಟ್, ಕಾಯ್ದೆ ಸಂವಿಧಾನಬದ್ಧ, ಅದನ್ನು ಜಾರಿ ಮಾಡಿಸುವ ಅಧಿಕಾರ ಅಟಾರ್ನಿ ಜನರಲ್‌ಗೆ ಇದೆ ಎಂದಿತು. ಆದರೆ ಕಾಯ್ದೆಯ ಪಾಲನೆಗೆ ರಾಜ್ಯ ಮಾಡಿದ್ದ ಮಾರ್ಗಸೂಚಿಗಳನ್ನು ಸರಿಯಾದ ಕ್ರಮದಲ್ಲಿ ಹೊರಡಿಸಿಲ್ಲವೆಂದು ಅವನ್ನು ಬದಿಗಿಟ್ಟಿತು. ಒಂದು ವಾರದೊಳಗೆ ರಾಜ್ಯ ತುರ್ತು ನಿಯಮ ತಂದು ಆ ಲೋಪ ಮುಚ್ಚಿತು. ಆದ್ದರಿಂದ ನಿಮ್ಮೂರು ಈಗ ಚರ್ಚಿಸಬೇಕಾದದ್ದು ವಲಯ ಎಲ್ಲಿ, ಹೇಗೆ ಎಂಬುದನ್ನು. ಬೇಕೋ ಬೇಡವೋ ಎಂಬ ಹಂತ ದಾಟಿಹೋಗಿದೆ.

ಕಾಯ್ದೆ ಕೇಳುವ ಸಾಂದ್ರತೆ ಎಕರೆಗೆ ಕನಿಷ್ಠ 15 ಮನೆ. ಕೇಳಿದ ಕೂಡಲೇ ಜನ ಗಗನಚುಂಬಿಗಳನ್ನು ಕಲ್ಪಿಸಿಕೊಳ್ಳುತ್ತಾರೆ. ಲೆಕ್ಕ ಹಾಕೋಣ. ಎಕರೆ ಎಂದರೆ 43,560 ಚದರಡಿ, ನಮ್ಮ 40 ಗುಂಟೆ. 15ರಿಂದ ಭಾಗಿಸಿದರೆ ಮನೆಯೊಂದಕ್ಕೆ 2,904 ಚದರಡಿ ನೆಲ. ಬೆಂಗಳೂರಿನ 30x40 ಸೈಟುಗಳಲ್ಲಿ ಎರಡೂವರೆಗೆ ತುಸು ಕಡಿಮೆ! ಬಾಸ್ಟನ್ ಸುತ್ತಮುತ್ತಲಿನ ಹಳೆಯ ಟ್ರಿಪಲ್ ಡೆಕ್ಕರ್‌ಗಳು, ಅಂದರೆ ಒಂದರ ಮೇಲೊಂದು ಮೂರು ಮನೆ ಇರುವ ಮರದ ಕಟ್ಟಡಗಳು, ಎಷ್ಟೋ ಕಡೆ ಇದಕ್ಕಿಂತ ಒತ್ತಾಗಿ ನಿಂತಿವೆ. ಒಂದು ಸೂಕ್ಷ್ಮವಿದೆ. ಈ 15 ಒಟ್ಟು ವಲಯದ ಲೆಕ್ಕ, ರಸ್ತೆ, ಮೈದಾನ, ಅಂಗಡಿಗಳ ಜಾಗವೂ ಅದರಲ್ಲೇ ಬರುತ್ತದೆ. ವಲಯದ ಐದನೇ ಒಂದು ಭಾಗ ರಸ್ತೆಗೆ ಹೋದರೆ, ಉಳಿದ ನಿವೇಶನಗಳಲ್ಲಿ ಎಕರೆಗೆ ಸುಮಾರು 19 ಮನೆಗೆ ಅವಕಾಶ ಇದ್ದರೆ ಮಾತ್ರ ಸರಾಸರಿ ಹೊಂದುತ್ತದೆ.

ಎಡವಟ್ಟಾಗುವುದು ಮುಖ್ಯವಾಗಿ ಪಾರ್ಕಿಂಗ್‌ನಲ್ಲಿ. ತಿರುಗುವ ದಾರಿ ಸೇರಿ ಕಾರೊಂದಕ್ಕೆ ಸುಮಾರು 325 ಚದರಡಿ ಬೇಕು. ಬೈಲಾ, ಅಂದರೆ ಊರಿನ ನಿಯಮ, ಪ್ರತಿ ಮನೆಗೆ ಎರಡು ಕಾರಿನ ಜಾಗ ಕಡ್ಡಾಯ ಮಾಡಿದರೆ 15 ಮನೆಗೆ 30 ಕಾರು, 9,750 ಚದರಡಿ, ಹೆಚ್ಚುಕಡಿಮೆ ಒಂಬತ್ತು ಗುಂಟೆ ಡಾಂಬರಿಗೇ ಹೋಯಿತು. ಅದರ ಮೇಲೆ ನಾಲ್ಕೂ ಬದಿ ದೊಡ್ಡ ಸೆಟ್‌ಬ್ಯಾಕ್ (ಗಡಿಯಿಂದ ಖಾಲಿ ಬಿಡಬೇಕಾದ ಜಾಗ), ಎರಡೂವರೆ ಮಹಡಿಯ ಮಿತಿ, ತೆರೆದ ಜಾಗದ ಪ್ರಮಾಣ ಇವೆಲ್ಲ ಸೇರಿದರೆ ಕಟ್ಟಡಕ್ಕೆ ನೆಲ ಉಳಿಯುವುದಿಲ್ಲ. ಕಾರನ್ನು ನೆಲಮಾಳಿಗೆಗೆ ಇಳಿಸಿದರೆ ಖರ್ಚು ಏರಿ ಬಾಡಿಗೆಯೂ ಏರುತ್ತದೆ. ರೈಲು ನಿಲ್ದಾಣದಿಂದ ಅರ್ಧ ಮೈಲಿಯೊಳಗಿನ ವಲಯಕ್ಕೆ ಮನೆಗೊಂದು ಕಾರಿನ ಜಾಗ ಸಾಕು ಎಂಬುದು ನಮ್ಮ ಅಭಿಪ್ರಾಯ.

ಇನ್ನೊಂದು ಉಪಾಯವನ್ನೂ ಗಮನಿಸಿ. ಕಾಯ್ದೆ ಕೇಳುವುದು ವಲಯವನ್ನು ಮಾತ್ರ, ಮನೆ ಕಟ್ಟಿಸಲೇಬೇಕೆಂದು ಹೇಳುವುದಿಲ್ಲ. ಹಾಗಾಗಿ ಕೆಲವು ಊರುಗಳು ಈಗಾಗಲೇ ಕಾಂಡೋಗಳು, ಅಂದರೆ ಸ್ವಂತಕ್ಕೆ ಕೊಂಡ ಫ್ಲ್ಯಾಟ್‌ಗಳು, ತುಂಬಿರುವ ಜಾಗದ ಸುತ್ತಲೇ ಗೆರೆ ಎಳೆದಿವೆ. ಕಾಗದದ ಮೇಲೆ ಸಾಮರ್ಥ್ಯ ಕಾಣುತ್ತದೆ, ನೆಲದ ಮೇಲೆ ಒಂದು ಇಟ್ಟಿಗೆಯೂ ಕದಲುವುದಿಲ್ಲ. ಇದಕ್ಕೆ ವಿರುದ್ಧವಾಗಿ, ಬಾಸ್ಟನ್ ಬಳಿಯ ಲೆಕ್ಸಿಂಗ್ಟನ್ 2023ರ ಏಪ್ರಿಲ್‌ನಲ್ಲಿ 227 ಎಕರೆಯಷ್ಟು ಉದಾರವಾಗಿ ವಲಯ ಮಾಡಿದಾಗ ಸಾವಿರದಷ್ಟು ಮನೆಗಳ ಅರ್ಜಿ ಬಂದು, 2025ರ ಮಾರ್ಚ್‌ನಲ್ಲಿ ಊರೇ ವಲಯವನ್ನು ಕುಗ್ಗಿಸಿತು. ನಿಯಮ ಸಡಿಲವಿದ್ದರೆ ಮನೆ ಬರುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಬಾಡಿಗೆ ಇಳಿಯುತ್ತದೆಯೇ? ಹೊಸ ಕಟ್ಟಡದ ಬಾಡಿಗೆ ಅಗ್ಗವಿರುವುದಿಲ್ಲ, ಆ ಭರವಸೆ ಕೊಡುವವರು ತಪ್ಪು ಹೇಳುತ್ತಿದ್ದಾರೆ. ಹೊಸ ಮನೆಗಳು ಸಾಕಷ್ಟು ಬಂದರೆ, ಹೆಚ್ಚು ಸಂಬಳದವರು ಹಳೆಯ ಮನೆಗಳಿಗಾಗಿ ಪೈಪೋಟಿಗೆ ಬೀಳುವುದು ತಗ್ಗುತ್ತದೆ, ಏರಿಕೆ ನಿಧಾನವಾಗುತ್ತದೆ. ನಿಜವಾಗಿ ಕೈಗೆಟುಕುವ ಮನೆಗೆ ಬೈಲಾದಲ್ಲಿ ಪ್ರತ್ಯೇಕ ಷರತ್ತೇ ಬೇಕು. 3ಎ ವಲಯದಲ್ಲಿ ಊರು ಶೇ. 10ರಷ್ಟು ಮನೆಗಳನ್ನು, ಪ್ರದೇಶದ ಮಧ್ಯಕ (ಮೀಡಿಯನ್) ಆದಾಯದ ಶೇ. 80ರೊಳಗೆ ಗಳಿಸುವವರಿಗೆ ಮೀಸಲಿಡುವಂತೆ ಕೇಳಬಹುದು. ಶೇ. 20ರವರೆಗೂ ಹೋಗಬೇಕಾದರೆ, ಯೋಜನೆ ಆರ್ಥಿಕವಾಗಿ ನಿಲ್ಲುತ್ತದೆ ಎಂದು ವಿಶ್ಲೇಷಣೆ ಮಾಡಿ ತೋರಿಸಬೇಕು. ಷರತ್ತು ಎಷ್ಟು ಮನೆಯಿಂದ ಶುರುವಾಗುತ್ತದೆ ಎಂಬುದನ್ನು ತಪ್ಪದೆ ನೋಡಿ. 10 ಮನೆಯಿಂದ ಎಂದಿದ್ದರೆ ಒಂಬತ್ತೇ ಕಟ್ಟಿ ಜಾರಿಕೊಳ್ಳಲು ದಾರಿಯಿದೆ.

ಪ್ರಸ್ತಾವ ಬಿದ್ದರೆ ಊರು ಈಗಿನಂತೆಯೇ ಉಳಿಯುತ್ತದೆ ಎಂದೂ ತಿಳಿಯಬೇಡಿ. 1969ರಿಂದ ಇರುವ 40ಬಿ ಅಧ್ಯಾಯದ ಪ್ರಕಾರ, ಸಬ್ಸಿಡಿ ಮನೆಗಳ ಪಾಲು ಶೇ. 10 ಮುಟ್ಟದ ಊರಿನಲ್ಲಿ ಬಿಲ್ಡರ್ ಸ್ಥಳೀಯ ವಲಯ ನಿಯಮವನ್ನು ಮೀರಿ ಸಮಗ್ರ ಪರವಾನಗಿ (ಸ್ಥಳೀಯ ಅನುಮತಿಗಳೆಲ್ಲ ಒಂದರಲ್ಲೇ) ಕೇಳಬಹುದು, ಊರು ನಿರಾಕರಿಸಿದರೆ ರಾಜ್ಯ ಸಮಿತಿಗೆ ಮೇಲ್ಮನವಿ ಹೋಗಬಹುದು. ಜಾಗ ಮತ್ತು ಎತ್ತರವನ್ನು ಊರೇ ಗೊತ್ತುಮಾಡುವ ಅವಕಾಶ 3ಎಯಲ್ಲಿದೆ.

ಶಾಲೆಯ ಚಿಂತೆ ಸಭೆಯಲ್ಲಿ ಬಂದೇ ಬರುತ್ತದೆ. ಈ ವಲಯದಲ್ಲಿ ವಯಸ್ಸಿನ ನಿರ್ಬಂಧ ಹಾಕುವಂತಿಲ್ಲ, ಮನೆಗಳು ಮಕ್ಕಳಿರುವ ಕುಟುಂಬಗಳಿಗೆ ಒಗ್ಗಬೇಕು ಎಂದು ಕಾಯ್ದೆಯಲ್ಲೇ ಬರೆದಿದೆ. ನಮಗೆ ಇಡೀ ಕಾಯ್ದೆಯಲ್ಲಿ ಅತ್ಯಂತ ಮನುಷ್ಯತ್ವದ ಸಾಲು ಅದೇ.

ಮತದಾನಕ್ಕೆ ಮೂರನೇ ಎರಡರ ಬಹುಮತ ಬೇಕೆಂದು ಯಾರಾದರೂ ಹೇಳಿದರೆ ಒಪ್ಪಬೇಡಿ. 2021ರಿಂದ ಇಂಥ ವಲಯಕ್ಕೆ ಸರಳ ಬಹುಮತ ಸಾಕು. ಒಮ್ಮೆ ಬಿದ್ದ ಪ್ರಸ್ತಾವ ಎರಡು ವರ್ಷದೊಳಗೆ ಮರಳಿ ಬರಬೇಕಾದರೆ ಊರಿನ ಯೋಜನಾ ಮಂಡಳಿಯಾದ ಪ್ಲಾನಿಂಗ್ ಬೋರ್ಡ್‌ನ ಶಿಫಾರಸು ಇರಬೇಕು. ಸಭೆಯಲ್ಲಿ ಎದ್ದು ತಿದ್ದುಪಡಿ ತರಬಹುದಾದರೂ ವಾರಂಟ್‌ನಲ್ಲಿ (ಸಭೆಯ ಕಾರ್ಯಸೂಚಿ) ಪ್ರಕಟವಾದ ವ್ಯಾಪ್ತಿ ದಾಟಿದರೆ ಸಭೆ ನಡೆಸುವ ಮಾಡರೇಟರ್ ತಳ್ಳಿಹಾಕುತ್ತಾರೆ. ಆದ್ದರಿಂದ ಪಾರ್ಕಿಂಗ್ ಸಂಖ್ಯೆ ಬದಲಿಸಬೇಕೆಂದಿದ್ದರೆ ಅದಕ್ಕೂ ಮೊದಲು ನಡೆಯುವ ಪ್ಲಾನಿಂಗ್ ಬೋರ್ಡ್‌ನ ಸಾರ್ವಜನಿಕ ವಿಚಾರಣೆಗೇ ಹೋಗಿ. ಟೌನ್ ಮೀಟಿಂಗ್‌ನ ಮತ ನಾಗರಿಕರಿಗೆ ಮಾತ್ರ. ಆದರೆ ಆ ವಿಚಾರಣೆಯಲ್ಲಿ ಎಚ್-1ಬಿ ವೀಸಾದಲ್ಲಿರುವ ನಿಮ್ಮ ಗೆಳೆಯರೂ, ಗ್ರೀನ್ ಕಾರ್ಡ್‌ನ ಬಂಧುಗಳೂ ಮಾತಾಡಬಹುದು. ಒಂದೇ ಪ್ರಶ್ನೆ ಕೇಳಲು ಸಮಯವಿದ್ದರೆ ಇದನ್ನು ಕೇಳಿ: ಈ ಗೆರೆಯೊಳಗೆ ಇಂದು ಎಷ್ಟು ಮನೆಗಳಿವೆ, ಈ ಪಾರ್ಕಿಂಗ್ ನಿಯಮದಡಿ ಇನ್ನೂ ಎಷ್ಟು ಕಟ್ಟಲು ಸಾಧ್ಯ?

— ಸಂ.